ಸಂಡೂರಿನ ಗಂಡಿಗಳು ಮತ್ತು ಕಾಲುದಾರಿಗಳು



ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಾಲ, ಷೇರು, ಗೊಬ್ಬರದ ವಿಷಯ ಬಿಟ್ಟು ಗುಡ್ಡದ ದಾರಿ ಬಗ್ಗೆ ಯಾಕೆ ಬರೀತಾರೆ ಅಂತ ಕೆಲವರಿಗೆ ಅನಿಸಬಹುದು. ಲೆಕ್ಕಪತ್ರ ಬೇರೆ ಪುಟಗಳಲ್ಲಿ ಇದ್ದೇ ಇದೆ. ನಾವು ಇಲ್ಲಿ ಹೇಳಹೊರಟಿರುವುದು ನಮ್ಮ ಜಿಲ್ಲೆಯದೇ ಆದ ಸಂಡೂರು ಬೆಟ್ಟಗಳ ಕಾಲುದಾರಿಗಳ ಚರಿತ್ರೆ. ಕಾಲುದಾರಿಗೆ ಪಟ್ಟಾ ಇಲ್ಲ, ಪಹಣಿ ಇಲ್ಲ. ಹತ್ತು ಜನ ನಡೆದರೆ ಇರುತ್ತದೆ, ನಡೆಯೋದು ಬಿಟ್ಟರೆ ಮುಳ್ಳುಕಂಟಿ ಬೆಳೆದು ಮುಚ್ಚುತ್ತದೆ. ಇಂಥ ಆಸ್ತಿ ಹೇಗೆ ಉಳಿಯುತ್ತದೆ, ಹೇಗೆ ಹೋಗುತ್ತದೆ ಎಂಬುದು ಸಹಕಾರಿಗಳಾದ ನಾವು ತಿಳಿಯಬೇಕಾದ ವಿಷಯವೇ.

ರೂಪನಗುಡಿ ಸೀಮೆ ಎರೆ ಭೂಮಿ. ನಮ್ಮ ಕಡೆ ಹೊಳೆ ಅಂದರೆ ಹಗರಿ. ಅಗಲವಾದ ಮರಳಿನ ಪಾತ್ರ, ಮಳೆ ಬಂದಾಗ ನೀರು, ಇಲ್ಲದಿದ್ದರೆ ಬರೀ ಮರಳು. ಜಲಪಾತ ನೋಡಬೇಕಾದರೆ ಜೋಗಕ್ಕೋ ಗೋಕಾಕಿಗೋ ಹೋಗಬೇಕು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ಬಳ್ಳಾರಿ ದಾಟಿ ಪಶ್ಚಿಮಕ್ಕೆ ಹೋದರೆ, ಬೆಳಿಗ್ಗೆ ಹೋಗಿ ಸಂಜೆಗೆ ಬರುವಷ್ಟು ದೂರದಲ್ಲೇ, ಹೊಳೆಯೊಂದು ಬೆಟ್ಟವನ್ನು ಸೀಳಿದ ಜಾಗ ಇದೆ. ಒಂದಲ್ಲ, ಎರಡು.

ಗಂಡಿ ಅಂದರೇನು?

ಸಂಡೂರು ಒಂದು ಉದ್ದನೆಯ ಕಣಿವೆ. ಎರಡೂ ಕಡೆ ಕೋಟೆಗೋಡೆಯ ಹಾಗೆ ಬೆಟ್ಟದ ಸಾಲು. ನಾರಿಹಳ್ಳ ಎಂಬ ಸಣ್ಣ ಹೊಳೆ ಪಶ್ಚಿಮದ ಸಾಲನ್ನು ಉಬ್ಬಲಗಂಡಿಯಲ್ಲಿ ಸೀಳಿ ಕಣಿವೆಯೊಳಗೆ ಬರುತ್ತದೆ, ಪೂರ್ವದ ಸಾಲನ್ನು ಭೀಮಗಂಡಿಯಲ್ಲಿ ಸೀಳಿ ಹೊರಗೆ ಹೋಗುತ್ತದೆ. ಅಲ್ಲಿಂದ ದರೋಜಿ ಕೆರೆಗೆ ನೀರುಣಿಸಿ ತುಂಗಭದ್ರೆಯ ಕಡೆಗೆ ಹರಿಯುತ್ತದೆ. ಬೆಟ್ಟದ ಇಂಥ ಸಂದಿಗೇ ಗಂಡಿ ಅನ್ನುವುದು. ತಾರಾನಗರದ ಹತ್ತಿರ ಈ ಹಳ್ಳಕ್ಕೆ ಅಣೆಕಟ್ಟೆಯೂ ಇದೆ.

ಈ ಬೆಟ್ಟಗಳ ಕಲ್ಲು ಸುಮಾರು 270 ಕೋಟಿ ವರ್ಷದಷ್ಟು ಹಳೆಯದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಬ್ಬಿಣ ತುಂಬಿದ ಪಟ್ಟೆಪಟ್ಟೆ ಗಟ್ಟಿ ಕಲ್ಲು ಸವೆಯದೆ ಬೆಟ್ಟವಾಗಿ ನಿಂತಿತು. ಅದರ ಪಕ್ಕದ ಮೆತ್ತನೆ ಕಲ್ಲು ಸವೆದು ಕಣಿವೆಯಾಯಿತು. ಗಟ್ಟಿ ಕಲ್ಲನ್ನು ನೀರು ಕೊರೆದ ಕಡೆ ಗಂಡಿಯಾಯಿತು. ಮಳೆಗಾಲ ಹಿಡಿದರೆ ಕೊರಕಲುಗಳಲ್ಲೆಲ್ಲ ಝರಿ ಬೀಳುತ್ತವೆ. ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಬೆಟ್ಟ ಪೂರ್ತಿ ಹಸಿರು. ಬೇಸಿಗೆಗೆ ಝರಿಗಳೆಲ್ಲ ಒಣಗಿದರೂ ಹರಿಶಂಕರ ತೀರ್ಥದಲ್ಲಿ ಮಾತ್ರ ವರ್ಷವಿಡೀ ನೀರು ಬರುತ್ತದೆ.

ದಾರಿ ಮಾಡಿದವರು ಯಾರು?

ಈ ದಾರಿಗಳನ್ನು ಯಾವ ಇಂಜಿನಿಯರೂ ಗುರುತು ಹಾಕಿ ಮಾಡಿಲ್ಲ. ದನ, ಕುರಿ ಮೇಯಿಸುವವರು ನೀರು ಹುಡುಕಿಕೊಂಡು ನಡೆದರು. ಸೌದೆ, ಹುಲ್ಲು, ಜೇನಿಗೆ ಹೋದವರು ನಡೆದರು. ರೈಲು, ಲಾರಿ ಇಲ್ಲದ ಕಾಲಕ್ಕೆ ಲಂಬಾಣಿಗರು ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ನಾಡೆಲ್ಲ ತಿರುಗುತ್ತಿದ್ದರು. ಅವರ ತಾಂಡಾಗಳು ಇವತ್ತಿಗೂ ಸಂಡೂರು ಸೀಮೆಯಲ್ಲಿವೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

ಎಲ್ಲಕ್ಕಿಂತ ಹೆಚ್ಚಾಗಿ ದಾರಿ ಸವೆಸಿದವರು ಯಾತ್ರಿಕರು. ಸಂಡೂರಿನಿಂದ ದಕ್ಷಿಣಕ್ಕೆ ಸ್ವಾಮಿಮಲೆಯ ಮೇಲೆ ಕುಮಾರಸ್ವಾಮಿ ದೇವಸ್ಥಾನ ಇದೆ. ಪಕ್ಕದಲ್ಲೇ ಪಾರ್ವತಿಯ ಗುಡಿ, ಅದು ಸಾವಿರ ವರ್ಷಕ್ಕೂ ಹಳೆಯದು. ಈ ಬೆಟ್ಟಕ್ಕೆ ಕ್ರೌಂಚಗಿರಿ, ಲೋಹಾಚಲ ಎಂಬ ಹೆಸರುಗಳೂ ಇವೆ. ಲೋಹಾಚಲ ಅಂದರೆ ಕಬ್ಬಿಣದ ಬೆಟ್ಟ. ಒಳಗೆ ಏನಿದೆ ಎಂಬುದು ಹಿಂದಿನವರಿಗೂ ಗೊತ್ತಿತ್ತು ಅಂದಂತಾಯಿತು. ಆದರೂ ಅವರು ಅದನ್ನು ದೇವರ ಬೆಟ್ಟ ಅಂತಲೇ ನಡೆದುಕೊಂಡರು. ಕಾರ್ತಿಕ ಮಾಸದ ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಹೋಗೋದು, ಗಾಡಿಯನ್ನು ಕೆಳಗೆ ಬಿಟ್ಟು ಬೆಟ್ಟ ನಡೆದೇ ಹತ್ತೋದು, ಇದೇ ಪದ್ಧತಿ.

ಪೇಶ್ವೆ ನಡೆದ ದಾರಿ

ಈ ಕಾಲುದಾರಿಯ ಮೇಲೆ ಒಂದು ಸಂಸ್ಥಾನದ ಹಣೆಬರಹವೇ ನಿಂತಿತ್ತು ಅಂದರೆ ನಂಬುತ್ತೀರಾ? 1728ರಲ್ಲಿ ಬೇಡ ಪಾಳೆಯಗಾರರಿಂದ ಸಂಡೂರನ್ನು ಗೆದ್ದವರು ಮರಾಠರ ಘೋರ್ಪಡೆ ಮನೆತನದವರು. 1815ರಲ್ಲಿ ಅಲ್ಲಿ ಶಿವರಾವ್ ಘೋರ್ಪಡೆ ಆಳುತ್ತಿದ್ದರು. ಸಂಡೂರಿನ ಮೇಲೆ ಕಣ್ಣಿಟ್ಟಿದ್ದ ಪುಣೆಯ ಪೇಶ್ವೆ ಎರಡನೇ ಬಾಜಿರಾಯ, ಕುಮಾರಸ್ವಾಮಿ ದರ್ಶನದ ನೆಪ ಮಾಡಿಕೊಂಡು ದಂಡು ಸಮೇತ ಬಂದ. ಶಿವರಾವ್ ರಸ್ತೆಗಳನ್ನೂ ಗಂಡಿಗಳನ್ನೂ ಮುಚ್ಚಿಸಿಬಿಟ್ಟರು. ದೇವರ ದರ್ಶನಕ್ಕೆ ಬಂದವರನ್ನು ತಡೆಯುವಂತಿಲ್ಲವಲ್ಲ! ಹಾಗಾಗಿ ಪೇಶ್ವೆಯನ್ನು ಕೆಲವೇ ಪರಿವಾರದವರ ಜೊತೆ ಕಾಲುದಾರಿಯಲ್ಲಿ ಮಾತ್ರ ಗುಡಿಗೆ ಬಿಟ್ಟರು. ದಂಡು ಹೊರಗೇ ನಿಂತಿತು. ಪೇಶ್ವೆ ದರ್ಶನ ಮಾಡಿಕೊಂಡು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹೋಗಬೇಕಾಯಿತು.

ನಮಗೆ ಈ ಪ್ರಸಂಗ ಬಹಳ ದೊಡ್ಡದಾಗಿ ಕಾಣುತ್ತದೆ. ನಡೆದುಕೊಂಡು ಬರುವವನಿಗೆ, ಅವನು ಪೇಶ್ವೆಯೇ ಆಗಿರಲಿ, ದಾರಿ ಉಂಟು; ದೋಚಲು ಬರುವವನಿಗೆ ದಾರಿ ಇಲ್ಲ. ಮುಂದೆ 1817ರಲ್ಲಿ ಪೇಶ್ವೆಯ ಒತ್ತಾಯಕ್ಕೆ ಇಂಗ್ಲಿಷರ ಥಾಮಸ್ ಮನ್ರೋ ಸೈನ್ಯ ತಂದಾಗ ಶಿವರಾವ್ ಹೋರಾಡದೆ ಸಂಸ್ಥಾನ ಬಿಟ್ಟುಕೊಟ್ಟರು. ಪೇಶ್ವೆಯೇ ಇಂಗ್ಲಿಷರ ವಿರುದ್ಧ ತಿರುಗಿದ ಮೇಲೆ 1818ರಲ್ಲಿ ಅದು ಅವರಿಗೆ ವಾಪಸ್ಸು ಬಂತು.

1840ರ ದಶಕದಲ್ಲಿ ಬಳ್ಳಾರಿ ದಂಡಿನ ಬಿಳಿ ಸೈನಿಕರು ನಮ್ಮ ಬಿಸಿಲು ತಾಳಲಾರದೆ ಸಂಡೂರು ಸಾಲಿನ ರಾಮನದುರ್ಗದ ಮೇಲೆ ಆರೋಗ್ಯಧಾಮ ಮಾಡಿಕೊಂಡರು. ಅದು ಮೂರು ಸಾವಿರ ಅಡಿಗೂ ಎತ್ತರದ ಜಾಗ.

ಎಲ್ಲರಿಗೂ ತೆರೆದ ಗುಡಿ

ಇನ್ನೊಂದು ಸಂಗತಿ ನಮ್ಮ ಸಂಘದಂಥ ಸಂಸ್ಥೆಗಳವರು ಮರೆಯಬಾರದು. ಬೆಟ್ಟದ ದಾರಿ ಎಲ್ಲರಿಗೂ ಇದ್ದರೂ ಗುಡಿಯ ಬಾಗಿಲು ಎಲ್ಲರಿಗೂ ಇರಲಿಲ್ಲ. 1932ರಲ್ಲಿ ಸಂಡೂರಿನ ರಾಜ ಯಶವಂತರಾವ್ ಘೋರ್ಪಡೆಯವರು ಕುಮಾರಸ್ವಾಮಿ ದೇವಸ್ಥಾನವನ್ನು ಹರಿಜನರಿಗೆ ತೆರೆದರು. ಗಾಂಧೀಜಿಯವರು ಇದನ್ನು ಮೆಚ್ಚಿಕೊಂಡರು, 1934ರಲ್ಲಿ ಸಂಡೂರಿಗೂ ಬಂದುಹೋದರು. ದೊಡ್ಡ ದೊಡ್ಡ ಸಂಸ್ಥಾನಗಳು ಹಿಂದುಮುಂದು ನೋಡುತ್ತಿದ್ದ ಕಾಲದಲ್ಲಿ ಈ ಸಣ್ಣ ಸಂಸ್ಥಾನ ಆ ಕೆಲಸ ಮಾಡಿತು. ದಾರಿ ಉಳಿದರೆ ಸಾಲದು, ದಾರಿಯ ಕೊನೆಯ ಬಾಗಿಲೂ ತೆರೆದಿರಬೇಕು ಎಂಬುದೇ ಇದರ ಪಾಠ. 1949ರಲ್ಲಿ ಸಂಡೂರು ಮದ್ರಾಸು ಪ್ರಾಂತ್ಯಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ನಮ್ಮ ಬಳ್ಳಾರಿಯ ಜೊತೆಗೇ ಮೈಸೂರು ರಾಜ್ಯಕ್ಕೆ ಬಂತು.

ಲಾರಿಗಳ ಕಾಲ

ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಸಂಡೂರಿನಲ್ಲಿ ಮ್ಯಾಂಗನೀಸ್ ತೆಗೆಯೋದು ಶುರುವಾಗಿತ್ತು. ಆದರೆ 2000ದ ನಂತರ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ಮೇಲೆ ನಡೆದದ್ದೇ ಬೇರೆ. ಹಗಲು ರಾತ್ರಿ ಲಾರಿ, ರಸ್ತೆ ಪಕ್ಕದ ಬೆಳೆ, ಮನೆ, ಮರ ಎಲ್ಲದರ ಮೇಲೆ ಕೆಂಪು ಧೂಳು. ಕೂಲಿ ಸಿಕ್ಕಿತು, ಸುಳ್ಳಲ್ಲ. ಆದರೆ ದನ ಹೋಗುತ್ತಿದ್ದ ದಾರಿಗೆ ಗೇಟು ಬಿತ್ತು, ಬೆಟ್ಟ ಕರಗಿದ ಕಡೆ ದಾರಿಯೂ ಕರಗಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈ ತಿಂಗಳಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ತಿಂಗಳು 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತು ಹಾಕಿ, ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಇಟ್ಟು ಬಿಟ್ಟಿತು. 2022ರಲ್ಲಿ ಈ ಮಿತಿ 3.5 ಕೋಟಿ ಟನ್ ಆಯಿತು. ಹತ್ತು ಟನ್ನಿನ ಲಾರಿ ಲೆಕ್ಕ ಹಿಡಿದರೆ ವರ್ಷಕ್ಕೆ 35 ಲಕ್ಷ ಲೋಡು! ಇದು ಕಾನೂನುಬದ್ಧವಾದ ಲೆಕ್ಕ.

ಹತ್ತಿರದ ಸಂಗತಿ ದೇವದಾರಿ ಬೆಟ್ಟದ್ದು. ಸ್ವಾಮಿಮಲೆ ಅರಣ್ಯದ ಸುಮಾರು 401 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಸಾವಿರ ಎಕರೆ, ಗಣಿಗೆ ಹೋಗುವ ಪ್ರಸ್ತಾಪ ಬಂತು. ಕಡಿಯಬೇಕಾದ ಮರಗಳು 99 ಸಾವಿರಕ್ಕೂ ಹೆಚ್ಚು. ಸಂಡೂರಿನ ಜನ ವಿರೋಧಿಸಿದರು. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಅರಣ್ಯ ಭೂಮಿ ಹಸ್ತಾಂತರ ಮಾಡಬಾರದೆಂದು ಸೂಚಿಸಿದರು. ಕಬ್ಬಿಣ ಬೇಡ ಅಂತ ನಾವು ಹೇಳುವುದಿಲ್ಲ. ನಮ್ಮ ನೇಗಿಲ ಕುಳವೂ ಕಬ್ಬಿಣವೇ. ಆದರೆ ಬೀಜದ ಕಾಳನ್ನು ಯಾವ ರೈತನೂ ಹಿಟ್ಟು ಬೀಸುವುದಿಲ್ಲ. ನೀರು ಹಿಡಿದಿಡುವ ಬೆಟ್ಟ ಬೀಜದ ಕಾಳು ಇದ್ದ ಹಾಗೆ.

ಈಗ ನಾವು ಮಾಡಬೇಕಾದ್ದು

ದಾರಿ ಉಳಿಯಬೇಕಾದರೆ ನಡೆಯುವವರು ಬೇಕು. ಮಳೆ ಕಳೆದ ಮೇಲೆ ಊರಿನ ಯುವಕರು, ಶಾಲೆ ಮಕ್ಕಳು ಒಂದು ದಿನ ಹೋಗಿ ನೋಡಿ ಬರಲಿ ಅಂತ ನಮ್ಮ ಸಲಹೆ. ಕೆಲವು ಮಾತು ನೆನಪಿರಲಿ. ಬೆಟ್ಟ ಬಹುಪಾಲು ಮೀಸಲು ಅರಣ್ಯ, ಮೊದಲೇ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಬೇಕು. ಗಣಿ ಇರುವ ಕಡೆ ಹೋಗಬಾರದು. ಮೇಲೆ ಮೋಡ ಕಟ್ಟಿದ್ದರೆ ಗಂಡಿಯೊಳಗೆ ಇಳಿಯಬಾರದು. ಮಳೆ ಎಲ್ಲೋ ಬಿದ್ದರೂ ನೀರು ಇಕ್ಕಟ್ಟಿನಲ್ಲಿ ಒಮ್ಮೆಲೇ ಏರುತ್ತದೆ. ಝರಿ ಬೀಳುವ ಕಡೆ ಕಲ್ಲು ಪಾಚಿ ಹಿಡಿದು ಜಾರುತ್ತದೆ. ಕರಡಿ ಇರುವ ಸೀಮೆ ಇದು. ದರೋಜಿಯಲ್ಲಿ 1994ರಿಂದ ಕರಡಿಧಾಮವೇ ಇದೆ. ಆದ್ದರಿಂದ ಗುಂಪಾಗಿ ಹೋಗಿ ಹೊತ್ತು ಮುಳುಗುವ ಮೊದಲೇ ಇಳಿಯಬೇಕು. ಬುತ್ತಿಯ ಪ್ಲಾಸ್ಟಿಕ್ಕು ವಾಪಸ್ಸು ತರಬೇಕು. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಅವರಿಗೆ ದಿನದ ಕೂಲಿ ಕೊಟ್ಟರೆ ದಾರಿಯೂ ತಿಳಿಯುತ್ತದೆ, ಹಳೆಯ ಹೆಸರುಗಳೂ ತಿಳಿಯುತ್ತವೆ. ಆ ಹೆಸರುಗಳನ್ನು ಮಕ್ಕಳು ಬರೆದಿಟ್ಟುಕೊಳ್ಳಲಿ.

ನಮ್ಮ ಸಂಘ 25 ವರ್ಷ ಉಳಿದದ್ದು ಒಬ್ಬಿಬ್ಬರಿಂದಲ್ಲ, ಸದಸ್ಯರು ಬರುತ್ತಾ ಹೋಗುತ್ತಾ ಇದ್ದುದರಿಂದ. ಬೆಟ್ಟದ ದಾರಿಗಳೂ ಅದೇ ರೀತಿ ಉಳಿಯಲಿ.