ಮಹಾಂತ ಜೋಳಿಗೆ

ಮಹಾಂತ ಜೋಳಿಗೆಯು ಬಾಗಲಕೋಟೆ ಜಿಲ್ಲೆಯ ಚಿತ್ತರಗಿ-ಇಳಕಲ್ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಪೀಠಾಧಿಪತಿಗಳಾಗಿದ್ದ ಡಾ. ಮಹಾಂತ ಸ್ವಾಮೀಜಿಯವರು 1975ರಲ್ಲಿ ಆರಂಭಿಸಿದ ವ್ಯಸನಮುಕ್ತಿ ಅಭಿಯಾನ.

ವಿಧಾನ

ಲಿಂಗಾಯತ ಪರಂಪರೆಯಲ್ಲಿ ಜಂಗಮರು ಜೋಳಿಗೆ ಹಿಡಿದು ಮನೆಮನೆಗೆ ತೆರಳಿ ಭಿಕ್ಷೆ ಸ್ವೀಕರಿಸುವುದು ರೂಢಿ. ಸ್ವಾಮೀಜಿಯವರು ಅದೇ ಜೋಳಿಗೆಯನ್ನು ಒಡ್ಡಿ, ಧಾನ್ಯ ಹಾಗೂ ಹಣಕ್ಕೆ ಬದಲಾಗಿ ಜನರ ದುಶ್ಚಟಗಳನ್ನು ಬೇಡಿದರು. ಊರೂರು ಸಂಚರಿಸಿ ಮದ್ಯ, ಬೀಡಿ, ಸಿಗರೇಟು, ತಂಬಾಕುಗಳನ್ನು ತ್ಯಜಿಸುವಂತೆ ಕೇಳುತ್ತಿದ್ದರು. ಒಪ್ಪಿದವರು ತಮ್ಮ ಬಳಿಯಿದ್ದ ಪೊಟ್ಟಣಗಳನ್ನು ಜೋಳಿಗೆಗೆ ಹಾಕಿ, ಮತ್ತೆ ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡುತ್ತಿದ್ದರು.

ಮಹತ್ವ

ವ್ಯಸನಿಯನ್ನು ನಿಂದಿಸದೆ, ಭಿಕ್ಷೆ ನೀಡುವ ದಾನಿಯ ಸ್ಥಾನದಲ್ಲಿ ನಿಲ್ಲಿಸಿ ಗೌರವಿಸುವುದು ಈ ಅಭಿಯಾನದ ವೈಶಿಷ್ಟ್ಯ. ಊರವರ ಎದುರು ಕೊಟ್ಟ ಮಾತು ಸಂಕಲ್ಪಕ್ಕೆ ಬಲ ನೀಡುತ್ತದೆ. ಆದರೆ ದೀರ್ಘಕಾಲ ಅತಿಯಾಗಿ ಕುಡಿದವರು ಮದ್ಯವನ್ನು ಹಠಾತ್ತನೆ ನಿಲ್ಲಿಸಿದಾಗ ಕೈನಡುಕ, ಸೆಳವು, ಮತಿವಿಭ್ರಮೆ ಉಂಟಾಗಬಹುದು, ಪ್ರಾಣಾಪಾಯವೂ ಸಂಭವಿಸಬಹುದು. ಆದ್ದರಿಂದ ಅಂಥವರಿಗೆ ಪ್ರಮಾಣದ ಜೊತೆಗೆ ವೈದ್ಯರ ಚಿಕಿತ್ಸೆಯೂ ಅಗತ್ಯ.

ಸ್ಮರಣೆ

ಸ್ವಾಮೀಜಿಯವರು 2018ರ ಮೇ ತಿಂಗಳಿನಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.