ದಲ್ಲಾಳಿಗಳ ಪಟ್ಟಿಯಿಂದ ನಕ್ಷತ್ರಗಳ ಪಟ್ಟಿಯವರೆಗೆ

ವೇಲಚೇರಿ ಬಹಳ ಹಳೆಯ ಊರು. ಅಲ್ಲಿನ ದಂಡೀಶ್ವರ ದೇವಾಲಯದಲ್ಲಿ ಚೋಳರ ಕಾಲದ ಶಾಸನಗಳಿವೆ. ಇಂದು ಕೆರೆಯ ಸುತ್ತಲೂ ಮನೆಗಳೇ ತುಂಬಿವೆ. ಅಲ್ಲಿ ಮನೆ ಕೊಳ್ಳಹೊರಟ ಕನ್ನಡಿಗರಿಗೆ ತಮಿಳಿನ ಕ್ರಯಪತ್ರ, ಪಟ್ಟಾಗಳನ್ನು ಓದಿ ಹೇಳುವ ವಕೀಲರು ಬೇಕು. ಪರಿಚಯದವರಿಲ್ಲದಿದ್ದರೆ ಆನ್‌ಲೈನ್ ಡೈರೆಕ್ಟರಿಯಲ್ಲಿ ಹೆಚ್ಚು ನಕ್ಷತ್ರ ಪಡೆದವರನ್ನು ಹುಡುಕುತ್ತಾರೆ. ಜೀವಮಾನದ ಉಳಿತಾಯವನ್ನು ಈ ನಕ್ಷತ್ರಗಳನ್ನು ನಂಬಿ ಒಪ್ಪಿಸಬಹುದೆ?

ಪ್ರಶ್ನೆ ಹೊಸದೇನಲ್ಲ. ಮದರಾಸು ಹೈಕೋರ್ಟು ಸ್ಥಾಪನೆಯಾದದ್ದು 1862ರಲ್ಲಿ. ಬಳ್ಳಾರಿಯವರಿಗೆ 1953ರವರೆಗೆ, ಮಂಗಳೂರು, ಕಾಸರಗೋಡಿನವರಿಗೆ 1956ರವರೆಗೆ ಇದೇ ಹೈಕೋರ್ಟು. ಪರವೂರಿನಿಂದ ಬರುವ ಇಂಥ ಕಕ್ಷಿಗಾರರನ್ನು ವಕೀಲರಲ್ಲಿಗೆ ಕರೆದೊಯ್ದು ಹಣ ಪಡೆಯುವ ದಲ್ಲಾಳಿಗಳು ದೇಶದಲ್ಲೆಲ್ಲ ಇದ್ದರು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯಿದೆಯೂ ಅದರ 1896ರ ತಿದ್ದುಪಡಿಯೂ ಇವರನ್ನು ತಡೆಯಲು ಹೊರಟವು. ಕೋರ್ಟಿನ ಆವರಣ, ರೈಲ್ವೆ ನಿಲ್ದಾಣ, ತಂಗುದಾಣಗಳಲ್ಲಿ ಸುಳಿದಾಡುವ ದಲ್ಲಾಳಿಗಳ ಪಟ್ಟಿ ಮಾಡಿ, ಅದನ್ನು ನ್ಯಾಯಾಲಯದಲ್ಲಿ ತೂಗುಹಾಕಬೇಕೆಂದು ವಿಧಿಸಲಾಯಿತು. ಯಾರನ್ನು ನಂಬಬಾರದೆಂದು ಹೇಳುವ ಪಟ್ಟಿ ಅದು!

1961ರ ಅಡ್ವೊಕೇಟ್ಸ್ ಕಾಯಿದೆಯಂತೆ ರಾಜ್ಯದ ಬಾರ್ ಕೌನ್ಸಿಲು ವಕೀಲರ ನೋಂದಣಿ ಪಟ್ಟಿಯನ್ನು ಇಡುತ್ತದೆ. ವಕಾಲತ್ತಿಗೆ ಯಾರು ಅರ್ಹರೆಂಬುದನ್ನು ಅದು ಹೇಳುತ್ತದೆ, ಯಾರು ಉತ್ತಮರೆಂಬುದನ್ನಲ್ಲ. ಬಾರ್ ಕೌನ್ಸಿಲಿನ 36ನೆಯ ನಿಯಮ ಜಾಹೀರಾತನ್ನು ನಿಷೇಧಿಸಿದೆ. 2008ರ ತಿದ್ದುಪಡಿಯಿಂದ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ ಮುಂತಾದವನ್ನಷ್ಟೇ ವೆಬ್‌ಸೈಟಿನಲ್ಲಿ ತಿಳಿಸಲು ಅವಕಾಶವಾಯಿತು. 2024ರ ಜುಲೈಯಲ್ಲಿ ಮದರಾಸು ಹೈಕೋರ್ಟೇ, ವಕೀಲರಿಗೆ ಗ್ರಾಹಕರಿಂದ ಅಂಕ ಕೊಡಿಸುವುದು ವೃತ್ತಿಯ ಘನತೆಗೆ ಕುಂದು ಎಂದಿತು. ಆನ್‌ಲೈನ್ ತಾಣಗಳ ಮೂಲಕ ಜಾಹೀರಾತು ಮಾಡುವ ವಕೀಲರ ಮೇಲೆ ಶಿಸ್ತುಕ್ರಮಕ್ಕೆ ಸೂಚಿಸಿತು.

ಅಂಕದ ಮಾತು ಬಂದಾಗ ಇನ್ನೊಂದನ್ನೂ ನೆನೆಯಬೇಕು. ಹಿರಿಯ ವಕೀಲರನ್ನು ಆರಿಸಲು ಸುಪ್ರೀಂ ಕೋರ್ಟು 2017ರಲ್ಲಿ 100 ಅಂಕಗಳ ಪದ್ಧತಿಯನ್ನು ತಂದು, 2025ರಲ್ಲಿ ಅದನ್ನು ಕೈಬಿಟ್ಟಿತು. ನ್ಯಾಯಾಧೀಶರಿಗೇ ತೃಪ್ತಿ ಕೊಡದ ಅಳತೆಗೋಲನ್ನು ಅಪರಿಚಿತರ ನಕ್ಷತ್ರಗಳಲ್ಲಿ ಹುಡುಕುವುದು ಹೇಗೆ? ನಕ್ಷತ್ರ ಕೊಟ್ಟವರ ವ್ಯಾಜ್ಯ ಯಾವುದು, ಅವರು ನಿಜವಾಗಿ ಕಕ್ಷಿಗಾರರೆ, ಎಂಬುದು ನಮಗೆ ಕಾಣುವುದಿಲ್ಲ.

ಡೈರೆಕ್ಟರಿಯಿಂದ ವಿಳಾಸ ಪಡೆಯಲು ಅಡ್ಡಿಯಿಲ್ಲ. ನಂಬಿಕೆಯನ್ನು ಮಾತ್ರ ಬೇರೆ ಕಡೆ ಸಂಪಾದಿಸಬೇಕು. ನೋಂದಣಿ ಸಂಖ್ಯೆಯನ್ನು ಬಾರ್ ಕೌನ್ಸಿಲಿನಲ್ಲಿ ವಿಚಾರಿಸಿರಿ. ಅದೇ ಬಡಾವಣೆಯಲ್ಲಿ ಮನೆ ಕೊಂಡವರನ್ನು ಕೇಳಿರಿ. ಮಾರುವವರೂ ಕಟ್ಟಡದವರೂ ತೋರಿಸಿದ ವಕೀಲರನ್ನು ಬಿಟ್ಟು, ಬೇರೊಬ್ಬರಿಂದ ಕಾಗದಪತ್ರ ಓದಿಸಿರಿ. ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ. ದಲ್ಲಾಳಿಯ ವೇಷ ಬದಲಾಗಿರಬಹುದು, ಪರವೂರಿನವರ ಎಚ್ಚರ ಬದಲಾಗಬೇಕಿಲ್ಲ.