ಕೊಪ್ಪಳದ ಕಂದಾಯ, ಹೈದರಾಬಾದಿನ ದೇವಡಿ

ಹೈದರಾಬಾದಿನ ಹಳೇ ಶಹರದಲ್ಲಿ ಪಾಳುಬಿದ್ದ ಕಮಾನು, ಅದರ ಬೆನ್ನಿಗೇ ಎದ್ದ ಸಿಮೆಂಟಿನ ಮಹಡಿಗಳು, ನಡುವೆ ಕಸ ತುಂಬಿದ ಖಾಲಿ ಜಾಗ ಕಂಡವರು ಬಿಲ್ಡರುಗಳ ದುರಾಸೆಯನ್ನು ಬೈಯುತ್ತಾರೆ. ಈ ಪಾಳಿನ ಬೇರು ಶಹರದಲ್ಲಿಲ್ಲ, ದೂರದ ಹೊಲಗಳಲ್ಲಿದೆ. ನಿಜಾಮರಿಗೆ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಅರಮನೆ, ದಿವಾನ್ ದೇವಡಿಯನ್ನೇ ನೋಡಿ. ನಮ್ಮ ಕೊಪ್ಪಳ ಆ ಮನೆತನದ ಜಾಗೀರಾಗಿತ್ತು. ಅಲ್ಲಿನ ಎರೆಹೊಲದ ರೈತ ಕಟ್ಟಿದ ಕಂದಾಯವೂ ಸೇರಿಯೇ ಇಲ್ಲಿನ ಗೋಡೆಗಳಿಗೆ ಗಾರೆ ಬೀಳುತ್ತಿತ್ತು, ಆಳುಕಾಳುಗಳಿಗೆ ಅನ್ನ ಬೇಯುತ್ತಿತ್ತು. 1949ರ ಮಾರ್ಚಿನಲ್ಲಿ ಮೂರನೆಯ ಸಾಲಾರ್ ಜಂಗ್ ಅವಿವಾಹಿತರಾಗಿಯೇ ತೀರಿಕೊಂಡರು. ಆಗಸ್ಟಿನಲ್ಲಿ ಜಾಗೀರುಗಳೇ ರದ್ದಾದವು. 1951ರಲ್ಲಿ ದೇವಡಿಯೊಳಗೆ ಅವರ ಸಂಗ್ರಹದ ಮ್ಯೂಸಿಯಂ ತೆರೆಯಿತು. 1968ರಲ್ಲಿ ಅದೂ ಮೂಸಿ ನದಿಯ ದಡದ ಹೊಸ ಕಟ್ಟಡಕ್ಕೆ ಹೋಯಿತು. ಆಮೇಲೆ ದೇವಡಿ ಕೆಡವಿಸಿಕೊಂಡು ಬಟ್ಟೆಯ ಸಗಟು ಪೇಟೆಯಾಯಿತು.

ರೈತನ ಬೆವರಿನ ಮೇಲೆ ನಿಂತ ಮನೆ ಬಿದ್ದರೆ ಅಳುವುದೇಕೆ ಎಂದು ಕೇಳುವವರಿದ್ದಾರೆ. ಜಾಗೀರು ಹೋದದ್ದು ನ್ಯಾಯವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳ್ಳಿಯ ಭೂಮಿಗೆ ಕಾನೂನು ಮಾಡಿದ ಸರ್ಕಾರ ಶಹರದ ಈ ದೊಡ್ಡ ಆವರಣಗಳು ಮುಂದೇನಾಗಬೇಕೆಂದು ಯೋಚಿಸಲಿಲ್ಲ. ಆದಾಯ ನಿಂತಿತು, ವಾರಸುದಾರರು ಹೆಚ್ಚಿದರು, ಪಾಲು ಸಣ್ಣದಾಯಿತು. ರಿಪೇರಿಗೆ ಹಣವಿಲ್ಲದ ಮನೆಯನ್ನು ತುಂಡು ತುಂಡಾಗಿ ಮಾರುವುದೊಂದೇ ದಾರಿ ಉಳಿಯಿತು. ಒಂದು ಕಾಲಕ್ಕೆ ಗಾಳಿ ಬೆಳಕು ಕೊಡುತ್ತಿದ್ದ ಅಂಗಳಗಳೇ ಸೈಟುಗಳಾದವು.

ಜನ ಹೆಚ್ಚಿದ ಊರಿನಲ್ಲಿ ಹೊಸ ಕಟ್ಟಡ ಬೇಡವೇ? ಬೇಕೇ ಬೇಕು. ಯೋಜನೆ ಹಾಕಿ ಕಟ್ಟುವುದನ್ನು ಈ ಊರು ಚೆನ್ನಾಗಿಯೇ ಬಲ್ಲದು. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನರನ್ನೂ ಕೇರಿಗೆ ಕೇರಿಗಳನ್ನೂ ಕೊಚ್ಚಿಕೊಂಡು ಹೋದಾಗ, ಮರುವರ್ಷ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ನೆರೆ ತಡೆಯುವ ಜಲಾಶಯಗಳ ಜೊತೆಗೆ ಚರಂಡಿ ವ್ಯವಸ್ಥೆಯ ಯೋಜನೆಯನ್ನೂ ಕೊಟ್ಟರು. 1912ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಅದು ಹಳೇ ಶಹರದ ಪತ್ತರ್‌ಗಟ್ಟಿಯ ಬೀದಿ ಅಗಲಿಸಿ, ಎರಡೂ ಬದಿಗೆ ಒಂದೇ ಸಾಲಿನಲ್ಲಿ ಕಲ್ಲಿನ ಕಮಾನುಗಳ ಅಂಗಡಿಗಳನ್ನು ಕಟ್ಟಿಸಿತು. ಅದೂ ಹಳೆಯದನ್ನು ಕೆಡವಿ ಎದ್ದ ಹೊಸ ಕಟ್ಟಡವೇ; ಇವತ್ತು ಅದನ್ನೇ ಊರಿನ ಹೆಮ್ಮೆ ಎನ್ನುತ್ತೇವೆ. ಆಗ ಇದ್ದದ್ದು ನಿಜಾಮನ ಅಧಿಕಾರ, ಅವನು ಹೇಳಿದ್ದೇ ಶಾಸನ ಎನ್ನಬಹುದು. ನಿಜ. ಆದರೆ ಬೀದಿಯ ಗೆರೆ ಎಳೆಯಲು, ಚರಂಡಿ ಹಾಕಲು, ಒಂದು ಅಂಗಳವನ್ನಾದರೂ ಬಯಲಾಗಿ ಉಳಿಸಲು ರಾಜನೇ ಬೇಕಿಲ್ಲ. ನಗರಸಭೆಗೆ ಆ ಅಧಿಕಾರ ಸಾಕು. ದಿವಾನ್ ದೇವಡಿಯ ಪೇಟೆ ಇರುವುದು ಅದೇ ಪತ್ತರ್‌ಗಟ್ಟಿಯ ಮಗ್ಗುಲಲ್ಲಿ.